ನಹರಿನ ಮೇಲೆ ಸುಣ್ಣದ ಗೆರೆ

ಔರಂಗಾಬಾದಿನ ಗುಲಮಂಡಿಯ ಹಿಂದಿನ ಓಣಿಯಲ್ಲಿ ಗುರುಲಿಂಗಪ್ಪನ ಗೋಲಿ ಸೋಡಾದ ಅಂಗಡಿ ಇತ್ತು. ಅಂಗಡಿ ಎಂಟಡಿ ಅಗಲ. ಅದರ ಹಿಂದೆ ಗ್ಯಾಸಿನ ಸಿಲಿಂಡರು ಮತ್ತು ಬಾಟಲಿ ತಿರುಗಿಸುವ ಕೈಯಂತ್ರ, ಅದಕ್ಕೂ ಹಿಂದೆ ಒಂದು ಕಲ್ಲಿನ ತೊಟ್ಟಿ. ಅವನ ಸೋಡಾಕ್ಕೆ ಊರಲ್ಲಿ ಹೆಸರಿದ್ದದ್ದು ಆ ತೊಟ್ಟಿಯ ನೀರಿನಿಂದ. ಊರಿನ ಉತ್ತರದ ಗುಡ್ಡಗಳಿಂದ ನೆಲದೊಳಗೇ ಹರಿದು ಬರುವ ಹಳೆಯ ಕಾಲುವೆಯೊಂದಿತ್ತು. ಊರವರು ಅದನ್ನು ನಹರ್ ಎನ್ನುತ್ತಿದ್ದರು. ಯಾವ ಪಂಪೂ ಇಲ್ಲದೆ, ಇಳಿಜಾರಿನ ಲೆಕ್ಕ ಒಂದರಿಂದಲೇ ನೀರು ಹಗಲೂ ಇರುಳೂ ತೊಟ್ಟಿಗೆ ಬಂದು ಬೀಳುತ್ತಿತ್ತು.

ನಹರಿನ ಗುಟ್ಟನ್ನೆಲ್ಲ ಅವನಿಗೆ ಹೇಳಿಕೊಟ್ಟವರು ಖಾದರ್ ಸಾಬರು. ನಿಜಾಮರ ಕಾಲದಲ್ಲಿ ಅದನ್ನು ಕಾಯುವ ದಾರೋಗಾ ಆಗಿದ್ದವರು. ಕೆಲಸ ಹೋದ ಮೇಲೂ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಗುರುಲಿಂಗಪ್ಪನನ್ನು ಕರೆದುಕೊಂಡು ಹೋಗಿ, ಎಲ್ಲಿ ಕಲ್ಲು ಚಪ್ಪಡಿ ಎತ್ತಿದರೆ ಒಳಗಿಳಿಯಬಹುದು, ಎಲ್ಲಿ ಬೇರು ನುಗ್ಗಿದೆ, ಎಲ್ಲಿ ಗಾರೆ ಉದುರಿದೆ ಎಂದು ತೋರಿಸುತ್ತಿದ್ದರು. ಇಬ್ಬರೂ ಬಗ್ಗಿ ನಡೆದು ಹೂಳು ತೆಗೆದು ಮೇಲೆ ಬಂದರೆ ಸಾಬರಿಗೆ ಒಂದು ಶುಂಠಿ ಸೋಡಾ. ಬರೀ ಆ ದಿನ ಅಲ್ಲ, ದಿನಾಲೂ ಒಂದು. ಅದಕ್ಕೆ ಗುರುಲಿಂಗಪ್ಪ ದುಡ್ಡು ಮುಟ್ಟಿದವನಲ್ಲ.

ಈ ಊರಿಗೆ ಅವನು ಬಂದದ್ದು ಪೊಲೀಸ್ ಆ್ಯಕ್ಷನ್ ಆದ ಮರುವರ್ಷ. ಆಗ ಬೀದರೂ ಔರಂಗಾಬಾದೂ ಇನ್ನೂ ಒಂದೇ ರಾಜ್ಯದಲ್ಲಿದ್ದವು. ಭಾಲ್ಕಿ ಹತ್ತಿರದ ಹಳ್ಳಿಯಿಂದ ಅವನ ಜೊತೆಗೇ ಬಂದವನು ಮನ್ಮಥಪ್ಪ. ಒಂದೇ ಕೋಣೆ, ಒಂದೇ ಕಂಬಳಿ, ಒಂದೇ ಒಲೆ. ಮನ್ಮಥಪ್ಪ ಬಟ್ಟೆ ಅಂಗಡಿಯಲ್ಲಿ ಗಜ ಹಿಡಿದು ಶುರುಮಾಡಿ, ಸ್ವಂತ ಅಂಗಡಿ ಹಾಕಿ, ಆಮೇಲೆ ರಾಜಕಾರಣ ಹಿಡಿದ. ಅರವತ್ತೇಳರಲ್ಲಿ ಅವನು ನಗರಸಭೆಗೆ ನಿಂತಾಗ ಸೋಡಾ ಅಂಗಡಿಯೇ ಅವನ ಚುನಾವಣಾ ಕಚೇರಿಯಾಯಿತು.

ಆಗ ಗುರುಲಿಂಗಪ್ಪ ಬಂದವರಿಗೆಲ್ಲ ಹೇಳುತ್ತಿದ್ದ ಮಾತೊಂದಿತ್ತು. "ಓಟ್ ಕೇಳೂದೂ ಸೋಡಾ ಮಾರೂದೂ ಒಂದೇರಿ. ಗಿರಾಕಿ ಎದುರಿಗೇ ಗೋಲಿ ಒತ್ತಬೇಕು. ಒಳಗ ಇದ್ದದ್ದು ಅವನ ಕಣ್ಣ ಮುಂದೇ ಉಕ್ಕಬೇಕು. ನಮ್ಮ ಮನ್ಮಥ ಅಂಥಾ ಮನುಷ್ಯ." ಜನ ನಂಬಿದರು. ನಂಬಿದ್ದು ಮನ್ಮಥಪ್ಪನನ್ನಲ್ಲ, ಹದಿನೆಂಟು ವರ್ಷ ಒಳ್ಳೆಯ ನೀರು ಕುಡಿಸಿದವನ ಮಾತನ್ನು. ಮನ್ಮಥಪ್ಪ ಗೆದ್ದ. ಪ್ರತಿಯಾಗಿ ಗುರುಲಿಂಗಪ್ಪ ಕೇಳಿದ್ದು ಒಂದೇ: ನಹರಿನ ಮೇಲೆ ಯಾರೂ ಅಗೆಯಬಾರದು.

ಮರುವರ್ಷವೇ ಅಗೆದರು. ಓಣಿಯ ಮೇಲ್ಗಡೆ ನಗರಸಭೆಯ ಖಾಲಿ ಜಾಗದಲ್ಲಿ ಮನ್ಮಥಪ್ಪನ ಹೆಂಡತಿಯ ಅಣ್ಣ ಏಳು ಮಳಿಗೆಗಳ ಮಾರ್ಕೆಟ್ಟು ಕಟ್ಟಿಸಿದ. ಮಳಿಗೆಯವರಿಗೆಂದು ಮೂಲೆಯಲ್ಲಿ ಒಂದು ಪಾಯಖಾನೆ, ಅದಕ್ಕೊಂದು ಗುಂಡಿ.

ಮೇ ತಿಂಗಳ ಒಂದು ಬೆಳಿಗ್ಗೆ ತೊಟ್ಟಿಯ ನೀರು ವಾಸನೆ ಹೊಡೆಯಿತು. ತುಸುವೇ. ಗುರುಲಿಂಗಪ್ಪ ಬಟ್ಟೆ ಎರಡು ಪದರ ಹಾಕಿ ಸೋಸಿದ. ಶುಂಠಿ ಹೆಚ್ಚು ಮಾಡಿದ, ನಿಂಬೆ ಹೆಚ್ಚು ಮಾಡಿದ. ಬೇಸಿಗೆ, ಮದುವೆ ದಿನಗಳು, ಅಂಗಡಿ ಮುಂದೆ ಜನವೋ ಜನ. ಹಾಗೆ ನಾಲ್ಕು ದಿನ ಮಾರಿದ. ಐದನೆಯ ದಿನ ಚಪ್ಪಡಿ ಎತ್ತಿ ಒಳಗಿಳಿದು ಮೇಲಕ್ಕೆ ನಡೆದು ನೋಡಿದರೆ, ಮಾರ್ಕೆಟ್ಟಿನ ಕೆಳಗೆ ಕಾಲುವೆಯ ಕಮಾನು ಒಡೆದಿತ್ತು. ಗುಂಡಿಯದೆಲ್ಲ ನೀರಿಗೆ ಇಳಿಯುತ್ತಿತ್ತು.

ಮೈಯೆಲ್ಲ ಕೆಸರಾಗಿದ್ದಂತೆಯೇ ಮನ್ಮಥಪ್ಪನ ಮನೆಗೆ ಓಡಿದ.

"ಎಂಟ್ ದಿನ ಬಾಯಿ ಮುಚ್ಕೊಂಡಿರು ಗುರು," ಅಂದ ಮನ್ಮಥಪ್ಪ. "ನಾ ರಿಪೇರಿ ಮಾಡಿಸ್ತೀನಿ. ಈಗ ಕೂಗಾಡಿದ್ರ ನಾನೂ ಹೋಗ್ತೀನಿ, ನೀನೂ ಹೋಗ್ತಿ. ನಾಕ್ ದಿನ ಮಾರೀದಿ ಅಂತ ಯಾರಿಗರೆ ಗೊತ್ತಾದ್ರ?"

ಗುರುಲಿಂಗಪ್ಪ ಬಾಯಿ ಮುಚ್ಚಿಕೊಂಡ. ಬಾವಿ ನೀರು ತರಿಸಿ ಸೋಡಾ ಮಾಡಿದ. ಆದರೆ ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ವಾರಗಳು ಕಳೆದಂತೆ ಓಣಿಯಲ್ಲಿ ಮೂವತ್ತು ಮಂದಿಗೆ ಕಾಮಾಲೆ. ಗುರುಲಿಂಗಪ್ಪನ ಹೆಂಡತಿ ಸಂಗಮ್ಮನಿಗೂ ಬಂತು, ಆಕೆ ಉಳಿದಳು. ಖಾದರ್ ಸಾಬರು ಉಳಿಯಲಿಲ್ಲ. ಎಪ್ಪತ್ತು ದಾಟಿದ ಜೀವ, ಹಾಸಿಗೆ ಹಿಡಿದು ಹತ್ತೊಂಬತ್ತನೆಯ ದಿನಕ್ಕೆ ಹೋಗಿಬಿಟ್ಟರು.

ಅವರ ಮಣ್ಣಾದ ಮೂರನೆಯ ದಿನ ಆರೋಗ್ಯ ಖಾತೆಯವರು ಬಂದರು. ಜೊತೆಗೆ ಮನ್ಮಥಪ್ಪನೂ ಬಂದ. ಬಾಟಲಿಗಳನ್ನೆಲ್ಲ ಬೀದಿಗೆ ತಂದು ಒಡೆದರು. ಗಾಜಿನ ಗೋಲಿಗಳು ಮೋರಿಗೆ ಉರುಳಿದವು. ಚರಂಡಿ ನೀರು ಬಳಸಿ ಸೋಡಾ ಮಾಡಿದೆ ಎಂದು ಬರೆದ ಒಂದು ಕಾಗದ ಮುಂದೆ ಬಂತು.

"ಸಹಿ ಮಾಡು ಗುರು," ಮನ್ಮಥಪ್ಪ ಕಿವಿಯಲ್ಲಿ ಹೇಳಿದ. "ಕಾಗದ ನನ್ ಕೈಯಾಗೇ ಇರ್ತದ. ಉಳಿದಿದ್ ನಾ ನೋಡ್ಕೋತೀನಿ."

ಸಹಿ ಮಾಡಿದ. ನಾಲ್ಕು ದಿನದ ಪಾಪ ಎದೆಯಲ್ಲಿ ಕೂತಿದ್ದರಿಂದ ಕೈ ತಡೆಯಲಿಲ್ಲ. ಮುಂದಿನ ಸೋಮವಾರ ಮನ್ಮಥಪ್ಪ ನಗರಸಭೆಯಲ್ಲಿ ಆ ಕಾಗದವನ್ನು ಎದ್ದು ನಿಂತು ಓದಿದ. ಗೆಳೆಯನೆಂದು ನೋಡದೆ ಜನರ ಪ್ರಾಣ ನೋಡಿದ ಮೆಂಬರು ಎಂದು ಸಭೆಯವರು ಮೇಜು ಕುಟ್ಟಿದರು. ನಹರಿಗೆ ಆ ಓಣಿಯಲ್ಲಿ ಸಿಮೆಂಟು ಹಾಕಿ ಮುಚ್ಚಬೇಕೆಂದು ಠರಾವಾಯಿತು. ಒಡೆದ ಕಮಾನೂ ಅದರೊಳಗೇ ಮುಚ್ಚಿಹೋಯಿತು. ಸಾಬರ ಮಗ ಬೀದಿಯಲ್ಲಿ ಎದುರಾದಾಗ ಉಗುಳಿ ಮುಂದೆ ಹೋದ.

ಗುರುಲಿಂಗಪ್ಪ ಹೆಂಡತಿಯನ್ನು ಕರೆದುಕೊಂಡು ನಾಸಿಕ್‌ಗೆ ಹೋದ. ಅಲ್ಲಿ ರವಿವಾರ ಕಾರಂಜಾದ ಹತ್ತಿರ ಕುಂದಾಪುರ ಕಡೆಯ ಸದಾನಂದ ಒಂದು ಹೋಟೆಲು ನಡೆಸುತ್ತಿದ್ದ. ಗ್ಯಾಸ್ ಸಿಲಿಂಡರಿನವರ ಮೂಲಕ ಗುರುತಾದ ಮನುಷ್ಯ. ಹೋಟೆಲಿನ ಹಿಂದಿನ ಶೆಡ್ಡಿನಲ್ಲಿ ಯಂತ್ರ ಇಟ್ಟುಕೊಳ್ಳಲು ಜಾಗ ಕೊಟ್ಟ. ಹಿಂದಿನದೇನನ್ನೂ ಕೆದಕಿ ಕೇಳಲಿಲ್ಲ.

ಐದು ವರ್ಷ ಗುರುಲಿಂಗಪ್ಪ ಆ ಶೆಡ್ಡಿನಲ್ಲಿ ಸೋಡಾ ಮಾಡಿದ. ಪ್ರತಿ ಬಾಟಲಿಯ ಗೋಲಿ ಒತ್ತುವಾಗಲೂ ಮನ್ಮಥಪ್ಪನ ಗಂಟಲು ಹೆಬ್ಬೆರಳಿನಡಿ ಇದ್ದಂತೆ ಒತ್ತಿದ. ಸಾಬರನ್ನು ಕೊಂದವರು ಇಬ್ಬರು ಎಂದು ಅವನಿಗೆ ಗೊತ್ತಿತ್ತು. ಒಬ್ಬನನ್ನು ದಿನಾ ಕನ್ನಡಿಯಲ್ಲಿ ನೋಡುತ್ತಿದ್ದ, ಶಿಕ್ಷೆಯನ್ನೂ ಕೊಡುತ್ತಿದ್ದ. ಇನ್ನೊಬ್ಬ ಮೂರು ಅಂತಸ್ತಿನ ಮನೆ ಕಟ್ಟಿಸಿದ್ದಾನೆಂದೂ, ತಂಪು ಪಾನೀಯದ ಕಂಪನಿಯೊಂದರ ಏಜೆನ್ಸಿ ಹಿಡಿದಿದ್ದಾನೆಂದೂ ಬಸ್ಸಿನವರಿಂದ ಸುದ್ದಿ ಬರುತ್ತಿತ್ತು. ತಗಡಿನ ಮುಚ್ಚಳದ ಬಾಟಲಿ. ಎಲ್ಲೋ ತುಂಬಿಸಿ, ಎಲ್ಲೋ ಮುಚ್ಚಿ, ಎಲ್ಲೋ ಮಾರುವುದು. ಒಳಗಿನದಕ್ಕೆ ಎದುರು ನಿಂತು ಜವಾಬು ಕೊಡುವವರು ಯಾರೂ ಇಲ್ಲ. ಅವನಿಗೆ ತಕ್ಕ ವ್ಯಾಪಾರ ಎಂದುಕೊಂಡ.

ನಾಸಿಕ್ ಕೂಡ ಬೆಳೆಯುತ್ತಿತ್ತು. ಸಾತ್ಪುರದ ಕಡೆ ಹೊಸ ಕಾರ್ಖಾನೆಗಳು, ಅವುಗಳ ಹಿಂದಿನ ಹಳ್ಳದಲ್ಲಿ ಒಂದೊಂದು ವಾರ ಒಂದೊಂದು ಬಣ್ಣ. ಹೋಟೆಲಿಗೆ ಬರುವವರೆಲ್ಲ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂದು ಮಾತಾಡುತ್ತಿದ್ದರು. ಗುರುಲಿಂಗಪ್ಪ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ನೀರಿಗೆ ಓಟಿಲ್ಲ, ಅದಕ್ಕೇ ಅದನ್ನು ಯಾರೂ ಕೇಳುವುದಿಲ್ಲ ಎಂದು ಒಮ್ಮೆ ಸದಾನಂದನಿಗೆ ಹೇಳಿದ. "ಇಷ್ಟೆಲ್ಲ ತಲೆ ಬಿಸಿ ಮಾಡ್ಕೊಂಡ್ರೆ ಸೋಡಾ ಮಾರುದು ಹೇಗೆ ಮಾರಾಯ್ರೆ?" ಎಂದು ಸದಾನಂದ ನಕ್ಕ.

ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟಿತು. ಎಪ್ಪತ್ತಮೂರರ ಏಪ್ರಿಲ್‌ನಲ್ಲಿ, ಮಧ್ಯಾಹ್ನದ ಊಟದ ಗದ್ದಲ ಇಳಿಯುವ ಹೊತ್ತಿಗೆ, ಬಿಳಿ ಟೋಪಿ ಹಾಕಿದ ಒಬ್ಬ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತ. ಮೈ ದಪ್ಪಗಾಗಿತ್ತು, ಮೀಸೆ ನರೆತಿತ್ತು.

"ಗುರು," ಅಂದ ಮನ್ಮಥಪ್ಪ.

"ಬರ್ರಿ ಮೆಂಬರ್ ಸಾಹೇಬ್ರ. ಕೂಡ್ರಿ."

"ನನಗ ಬರ್ರಿ ಅಂತಿ ಏನೋ?"

"ದೊಡ್ಡೋರಾಗೀರಿ."

ಮನ್ಮಥಪ್ಪ ಸ್ಟೂಲಿನ ಮೇಲೆ ಕೂತು ಟೋಪಿ ತೆಗೆದು ಗಾಳಿ ಬೀಸಿಕೊಂಡ. ಔರಂಗಾಬಾದಿನ ನಳಗಳಲ್ಲಿ ನೀರು ಬಂದು ಹನ್ನೊಂದು ದಿನವಾಗಿತ್ತು. ಕೊಡಗಳ ಸಾಲಿನಲ್ಲಿ ಹೊಡೆದಾಟವಾಗಿ ಹೆಂಗಸೊಬ್ಬಳ ತಲೆ ಒಡೆದಿತ್ತು. ಬರಗಾಲದ ಕೆಲಸಕ್ಕೆ ಬಂದ ಎಂಜಿನಿಯರನೊಬ್ಬ ಹಳೆಯ ನಹರ್ ತೆಗೆಯೋಣ ಎನ್ನುತ್ತಿದ್ದ. ಆದರೆ ನಕ್ಷೆ ಇಲ್ಲ, ಗೊತ್ತಿದ್ದ ಸಾಬರಿಲ್ಲ.

"ನಿನ್ ಬಿಟ್ರ ಯಾರಿಗೂ ಗೊತ್ತಿಲ್ಲ," ಅಂದ. "ಜನ ಸಾಯ್ಲತ್ತಾರ ಗುರು. ಮುಂದ ಎಲೆಕ್ಷನ್ ಬ್ಯಾರೆ ಅದ. ನೀ ಬಂದು ತೋರ್ಸು. ಹಳೇದೆಲ್ಲಾ ಮರ್ತುಬಿಡು. ಸೋಡಾ ಅಂಗಡಿಗೆ ಚೌಕದಾಗ ಜಾಗ ನಾ ಕೊಡಿಸ್ತೀನಿ."

"ಮಾರ್ಕೆಟ್ ಕೆಳಗ ಕಮಾನು ಒಡದದಲ್ರಿ?"

ಮನ್ಮಥಪ್ಪ ಕಣ್ಣು ತಪ್ಪಿಸಿದ. "ಅಲ್ಲಿ ಬ್ಯಾಡ. ಮ್ಯಾಲ ಎಲ್ಲರೆ ತೆಗೀಲಾಕ ಬರಲ್ಲೇನು?"

ಬರುತ್ತಿತ್ತು. ಊರ ಹೊರಗೆ ಬಾಗ್ ಎಂದು ಕರೆಯುವ ಹಳೆಯ ತೋಟವಿತ್ತು, ಅದರ ಹುಣಸೆ ಮರದ ಬುಡದಲ್ಲಿ ಒಂದು ಚಪ್ಪಡಿ ಇತ್ತು. ಮಾರ್ಕೆಟ್ಟಿಗಿಂತ ಅರ್ಧ ಮೈಲಿ ಮೇಲೆ. ಅದನ್ನೆತ್ತಿ ನೀರನ್ನು ಟ್ಯಾಂಕರಿಗೆ ತುಂಬಿಸಿದರೆ ಓಣಿಗಳಿಗೆಲ್ಲ ಸಾಕಾಗುತ್ತಿತ್ತು. ಒಂದು ಇಟ್ಟಿಗೆ ಕೆಡವಬೇಕಿರಲಿಲ್ಲ.

"ಬರ್ತದ," ಅಂದ ಗುರುಲಿಂಗಪ್ಪ. "ಬಾಗಿನ್ಯಾಗ ತೆಗೀಬಹುದು. ಆದ್ರ ಹಗಲೊತ್ತಿನ್ಯಾಗ ತೋರಿಸ್ತೀನಿ, ಎಂಜಿನಿಯರ್ ಇರಬೇಕು, ಮಂದಿ ಇರಬೇಕು. ನನ್ ಮಾರಿಗಿ ಹತ್ತಿದ್ದು ಮಂದಿ ಎದುರಿಗೇ ತೊಳಕೋಬೇಕು."

ಮನ್ಮಥಪ್ಪನಿಗೆ ಇದು ಸಣ್ಣ ಬೆಲೆ ಅನ್ನಿಸಿತು. ಎದ್ದು ಅವನ ಭುಜ ಹಿಡಿದ. ಕಣ್ಣಲ್ಲಿ ನೀರೂ ಬಂತು. ಗುರುಲಿಂಗಪ್ಪ ಒಂದು ಸೋಡಾ ಒಡೆದು ಕೈಗೆ ಕೊಟ್ಟ. ಅವನು ಕುಡಿದು ಮುಗಿಸುವವರೆಗೂ ಗಂಟಲನ್ನೇ ನೋಡುತ್ತ ನಿಂತ.

ಸಂಜೆ ವಿಷಯ ತಿಳಿದು ಸದಾನಂದ ಶೆಡ್ಡಿಗೆ ಬಂದ. "ಹೋಗ್ಬೇಡಿ ಅಂತ ಹೇಳುದಿಲ್ಲ ನಾನು. ಆದ್ರೆ ನಿಮ್ಮ ಮುಖ ನೋಡಿದ್ರೆ ನೀರು ಕೊಡ್ಲಿಕ್ಕೆ ಹೋಗುವವರ ಹಾಗೆ ಕಾಣುದಿಲ್ಲ."

ಮರುದಿನ ಗುರುಲಿಂಗಪ್ಪನೂ ಮನ್ಮಥಪ್ಪನೂ ಒಂದೇ ಬಸ್ಸಿನಲ್ಲಿ ಹೊರಟರು. ಯೇವಲೆಯ ನಿಲ್ದಾಣದಲ್ಲಿ ಪ್ರಯಾಣಿಕರ ಕೈಯ ತಂಬಿಗೆಗಳನ್ನೇ ಜನ ನೋಡುತ್ತಿದ್ದರು. ಅಲ್ಲಿಂದ ಮುಂದೆ ರಸ್ತೆಯುದ್ದಕ್ಕೂ ಹೆಂಗಸರು ಬಿಸಿಲಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದರು. ಮನ್ಮಥಪ್ಪ ಕಿಟಕಿಗೆ ತಲೆ ಆನಿಸಿ ನಿದ್ದೆಹೋದ. ಗುರುಲಿಂಗಪ್ಪನಿಗೆ ಮಾತ್ರ ಎಂಥದೋ ಹುರುಪು. ಐದು ವರ್ಷದಲ್ಲಿ ಮೊದಲ ಸಲ ಹಸಿವಾಗಿತ್ತು. ಸಂಗಮ್ಮ ಕಟ್ಟಿಕೊಟ್ಟ ರೊಟ್ಟಿಯನ್ನೆಲ್ಲ ತಿಂದು ಮುಗಿಸಿದ.

ಮರುದಿನ ಬೆಳಿಗ್ಗೆ ಬಾಗಿನಲ್ಲಿ ನೂರಾರು ಜನ ಸೇರಿದ್ದರು. ಎಂಜಿನಿಯರ್ ಇನ್ನೂ ತರುಣ, ಬಿಸಿಲಿಗೆ ಮೂಗು ಸುಲಿದಿತ್ತು. ಗುರುಲಿಂಗಪ್ಪ ಹುಣಸೆ ಮರದ ಬುಡಕ್ಕೆ ಹೋಗಿ ಕಸ ಸರಿಸಿ ಚಪ್ಪಡಿ ತೋರಿಸಿದ. ಹಾರೆಯಿಂದ ಮೂರು ಸಲ ಕುಟ್ಟಿ ಕಿವಿಯಿಟ್ಟು ಕೇಳಿದ. ಕೆಳಗೆ ಟೊಳ್ಳು ಇತ್ತು. ಅದರ ಆಳದಲ್ಲಿ ನೀರಿನ ಸಣ್ಣ ಸದ್ದೂ ಇತ್ತು. ಸಾಬರು ಈ ಸದ್ದನ್ನೇ ಕೇಳಲು ಅವನ ತಲೆಯನ್ನು ಕಲ್ಲಿಗೆ ಒತ್ತಿ ಹಿಡಿಯುತ್ತಿದ್ದರು.

ಅವನು ಎದ್ದು ಮೊಳಕಾಲಿನ ಮಣ್ಣು ಒರೆಸಿಕೊಂಡು ಎಂಜಿನಿಯರನಿಗೆ ಮರಾಠಿಯಲ್ಲಿ ಹೇಳಿದ: ಇಲ್ಲಿ ಕುಸಿದಿದೆ. ತೆಗೆದರೆ ಆಳುಗಳು ಸಾಯುತ್ತಾರೆ. ಗಟ್ಟಿ ಜಾಗ ಕೆಳಗಿದೆ, ಬನ್ನಿ.

ಜನ ಹಿಂದೆ ಹೊರಟರು. ಮನ್ಮಥಪ್ಪ ಮೊದಲು ನಗುತ್ತಲೇ ಬರುತ್ತಿದ್ದ. ಓಣಿ ತಿರುಗಿದಾಗ ನಗು ನಿಂತಿತು. ಗುರುಲಿಂಗಪ್ಪ ಸುಣ್ಣದ ಪುಡಿಯ ಬುಟ್ಟಿ ತೆಗೆದುಕೊಂಡು ಮಾರ್ಕೆಟ್ಟಿನ ಪಾಯಖಾನೆಯ ಗೋಡೆಯಿಂದ ಶುರುಮಾಡಿ, ಏಳೂ ಮಳಿಗೆಗಳ ಹೊಸ್ತಿಲ ಮೇಲೆ, ಒಂದೇ ಗೆರೆ ಎಳೆಯುತ್ತಾ ಹೋದ.

ಮನ್ಮಥಪ್ಪ ಬಂದು ತೋಳು ಹಿಡಿದ. ಸ್ವರ ಇಳಿಸಿದ. "ಏನ್ ಮಾಡ್ಲತ್ತಿ ಗುರು? ಬಾಗಿನ್ಯಾಗ ಅಂದಿದ್ದಿ."

"ಅಂದಿದ್ದೆ."

"ನನ್ ಮಾನ ಹೋಗ್ತದ."

"ಕೈ ಬಿಡ್ರಿ ಸಾಹೇಬ್ರ. ಮಂದಿ ನೋಡ್ಲತ್ತಾರ."

ಬರಗಾಲದ ಹುಕುಂ, ತಡೆಯುವವರಿರಲಿಲ್ಲ. ಮಳಿಗೆಯವರಿಗೆ ಖಾಲಿ ಮಾಡಲು ಒಂದು ಮಧ್ಯಾಹ್ನ ಕೊಟ್ಟರು. ಎಲ್ಲರಿಗಿಂತ ಕೊನೆಗೆ ಹೊರಬಂದವಳು ಬಳೆ ಅಂಗಡಿಯ ಶಾಂತಾಬಾಯಿ. ಸೊಲ್ಲಾಪುರದ ಕಡೆಯವಳು, ಗಂಡನಿಲ್ಲದವಳು, ಕಿವಿಯ ಬಂಗಾರ ಮಾರಿ ಆ ಮಳಿಗೆ ಹಿಡಿದಿದ್ದಳು. ಗಡಿಬಿಡಿಯಲ್ಲಿ ಆಳುಗಳು ಅವಳ ಬಳೆಯ ಪೆಟ್ಟಿಗೆಗಳನ್ನು ರಸ್ತೆಗೆ ಎಸೆದರು. ಗಾಜು ಪುಡಿಯಾಗುವ ಸದ್ದಿಗೆ ಗುರುಲಿಂಗಪ್ಪ ಒಮ್ಮೆ ತಿರುಗಿ ನೋಡಿದ. ಮತ್ತೆ ಹಾರೆಗಳ ಕಡೆಗೆ ಮುಖ ಮಾಡಿದ.

ಎರಡನೆಯ ದಿನ ಹತ್ತು ಗಂಟೆಗೆ ಪಾಯಖಾನೆಯ ಗುಂಡಿ ತೆರೆಯಿತು. ಅದರ ತಳದಲ್ಲಿ ಒಡೆದ ಕಮಾನು, ಕಮಾನಿನ ಸುತ್ತ ಅವಸರದಲ್ಲಿ ಮೆತ್ತಿದ ಸಿಮೆಂಟು. ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅರವತ್ತೆಂಟರ ಕಾಮಾಲೆ ಆ ಓಣಿಯ ಒಂದು ಮನೆಗೂ ಮರೆತಿರಲಿಲ್ಲ. ಒಬ್ಬ ಮುದುಕಿ ಚಪ್ಪಲಿ ತೆಗೆದಳು. ಅದು ಮನ್ಮಥಪ್ಪನ ಬೆನ್ನಿಗೆ ಬಿತ್ತು. ಟೋಪಿ ಕೆಳಗೆ ಬಿದ್ದರೂ ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ.

ಎಂಜಿನಿಯರ್ ಕಂಡದ್ದನ್ನೆಲ್ಲ ಬರೆದು ವಾರ್ಡಿನ ಮೆಂಬರನ ಸಹಿ ಬೇಕೆಂದ. ಮನ್ಮಥಪ್ಪನ ಕೈ ಪೆನ್ನಿನ ಮೇಲೆ ನಿಂತೇ ಇತ್ತು. ಗುರುಲಿಂಗಪ್ಪ ಹತ್ತಿರ ಹೋಗಿ, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದ.

"ಮಾಡ್ರಿ ಸಹಿ. ಉಳಿದಿದ್ ನಾ ನೋಡ್ಕೋತೀನಿ."

ಮನ್ಮಥಪ್ಪ ಸಹಿ ಮಾಡಿದ. ಅವನ ಕಣ್ಣಲ್ಲಿದ್ದ ಭಯವನ್ನು ಗುರುಲಿಂಗಪ್ಪ ಅವಸರವಿಲ್ಲದೆ, ತೃಪ್ತಿಯಾಗುವವರೆಗೆ ನೋಡಿದ. ಸಂಜೆ ಖಾದರ್ ಸಾಬರ ಮಗ ಬಂದು ಅವನ ಎರಡೂ ಕೈ ಹಿಡಿದುಕೊಂಡ. ನಾಲ್ಕು ದಿನದ ಮಾತು ಗುರುಲಿಂಗಪ್ಪನ ಬಾಯಿಗೆ ಬಂತು. ಹೇಳಲಿಲ್ಲ, ನುಂಗಿಕೊಂಡ.

ಹನ್ನೆರಡು ದಿನ ತೊಳೆದು ಸುಣ್ಣ ಬಡಿದ ಮೇಲೆ ನೀರು ತಿಳಿಯಾಗಿ ಬಂತು. ಓಣಿಯ ಜನ ಗುರುಲಿಂಗಪ್ಪನಿಗೆ ಹಾರ ಹಾಕಿದರು. ಹಳೆಯ ಅಂಗಡಿಯ ಬೀಗ ತೆರೆಯಿತು. ಸಂಗಮ್ಮ ನಾಸಿಕ್‌ನಿಂದ ಬಂದು ಧೂಳು ಗುಡಿಸಿದಳು. ಮುಂದಿನ ಚುನಾವಣೆಯ ಹೊತ್ತಿಗೆ ಮನ್ಮಥಪ್ಪನ ಹೆಸರೆತ್ತುವವರು ಇರಲಿಲ್ಲ. ಏಜೆನ್ಸಿಯೂ ಬೇರೆಯವರ ಪಾಲಾಯಿತು.

"ಹೊಟ್ಟಿ ತಣ್ಣಗಾತೇನ್ರಿ?" ಎಂದು ಸಂಗಮ್ಮ ಒಂದು ದಿನ ಕೇಳಿದಳು. ಹುಣಸೆ ಮರದ ಚಪ್ಪಡಿಯ ಸಂಗತಿಯನ್ನು ಅವಳಿಗೊಬ್ಬಳಿಗೆ ಅವನು ಹೇಳಿದ್ದ.

"ಆತು," ಅಂದ. ಸುಳ್ಳೇನಲ್ಲ.

ಶಾಂತಾಬಾಯಿ ಮಾತ್ರ ಕೆಡವಿದ ಮಾರ್ಕೆಟ್ಟಿನ ಎದುರು ನೆಲದ ಮೇಲೆ ಗೋಣಿ ಹಾಸಿ ಉಳಿದ ಬಳೆ ಮಾರುತ್ತಿದ್ದಳು. ಗುರುಲಿಂಗಪ್ಪ ಅವಳನ್ನು ಕರೆದು ತನ್ನ ಎಂಟಡಿಯಲ್ಲಿ ಮೂರಡಿ ಬಿಟ್ಟುಕೊಟ್ಟ. ಬಾಡಿಗೆ ಬೇಡವೆಂದ. ಅವಳು ಒಂದು ಕ್ಷಣ ಅವನ ಮುಖ ನೋಡಿ, ಬುಟ್ಟಿ ಎತ್ತಿಕೊಂಡು ಬಂದು ಕೂತಳು. ಬಳೆ ತೊಡಿಸುವಾಗಲೆಲ್ಲ ಗಿರಾಕಿಗಳ ಮುಂದೆ ಎಂಜಿನಿಯರನಿಗೆ ಶಾಪ ಹಾಕುತ್ತಿದ್ದಳು. "ಆಂವಗ ಬ್ಯಾರೆ ಜಾಗಾನೇ ಸಿಗಲಿಲ್ಲಂತ, ಏಳ್ ಮಂದಿ ಅನ್ನದ ಮ್ಯಾಲೇ ಗೆರಿ ಹೊಡಿಸ್ಯಾನ." ಮೂರಡಿ ದೂರದಲ್ಲಿ ಗುರುಲಿಂಗಪ್ಪ ಗೋಲಿ ಒತ್ತುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದ.

ಆ ವರ್ಷ ಮಳೆ ಚೆನ್ನಾಗಿ ಆಯಿತು. ದಸರೆಯ ಮುಂದೆ ಎಂಜಿನಿಯರ್ ಬಂದು ಸೋಡಾ ಕೇಳಿದ. ಬೇರೆ ಊರಿಗೆ ವರ್ಗವಾಗಿತ್ತು, ಹೇಳಿಹೋಗಲು ಬಂದಿದ್ದ. ಅರ್ಧ ಕುಡಿದು ಬಾಯಿ ಒರೆಸಿಕೊಂಡು ಖುಷಿಯಲ್ಲಿ ಹೇಳಿದ: ಬಾಗಿನ ಚಪ್ಪಡಿ ಎತ್ತಿಸಿ ನೋಡಿದೆ ಗುರುಲಿಂಗಪ್ಪ, ಒಳಗೆ ಒಂದು ಕಲ್ಲೂ ಕುಸಿದಿಲ್ಲ, ಮೂವತ್ತು ಹೆಜ್ಜೆ ನಡೆದು ಹೋದೆ, ನಿಮ್ಮಂಥವರ ಕಿವಿಯೂ ಒಮ್ಮೊಮ್ಮೆ ತಪ್ಪುತ್ತದೆ ನೋಡಿ.

"ವಯಸ್ಸಾತು ಸಾಹೇಬ್ರ," ಅಂದ ಗುರುಲಿಂಗಪ್ಪ.

ಎಂಜಿನಿಯರ್ ಹೋದ ಮೇಲೆ ಶಾಂತಾಬಾಯಿ ಕೈಯಲ್ಲಿದ್ದ ಬಳೆಗಳನ್ನು ಬುಟ್ಟಿಗೆ ಇಟ್ಟಳು.

"ಗೊತ್ತಿತ್ತೇನ್ರಿ ನಿಮಗ?"

ಇಲ್ಲ ಎನ್ನಬಹುದಿತ್ತು. ನಂಬಿಬಿಡುತ್ತಿದ್ದಳು.

"ಗೊತ್ತಿತ್ತು."

"ಆ ಮೆಂಬರನ ಮ್ಯಾಲಿನ ಸಿಟ್ಟಿಗಿ ನನ್ ಅಂಗಡಿ ಕೆಡವಿಸಿದ್ರಿ."

"ಶಾಂತಾಬಾಯಿ, ಖಾದರ್ ಸಾಬ ಅಂತ ಒಬ್ರು ಇದ್ರು..."

"ನನಗ ಅವರ್ಯಾರೂ ಗೊತ್ತಿಲ್ಲ."

ಅವಳು ಗೋಣಿ ಸುತ್ತಿದಳು, ಬುಟ್ಟಿ ತಲೆಯ ಮೇಲಿಟ್ಟುಕೊಂಡಳು, ರಸ್ತೆ ದಾಟಿ ಎದುರಿನ ಗೋಡೆಯ ಬಿಸಿಲಲ್ಲಿ ಕೂತಳು. ಅವತ್ತಿನಿಂದ ಅಲ್ಲೇ ಕೂರುತ್ತಾಳೆ, ಈ ಕಡೆ ನೋಡುವುದಿಲ್ಲ. ಬಿಟ್ಟುಕೊಟ್ಟ ಮೂರಡಿಯಲ್ಲಿ ಗುರುಲಿಂಗಪ್ಪ ಏನನ್ನೂ ಇಡಲಿಲ್ಲ.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ: ಆ ಬೆಳಗು ಇನ್ನೊಮ್ಮೆ ಬಂದರೆ ಸುಣ್ಣ ಎಲ್ಲಿ ಬೀಳುತ್ತದೆ? ಪ್ರತಿ ಸಲವೂ ಮನಸ್ಸು ತಡಮಾಡದೆ ಅಲ್ಲೇ ಎನ್ನುತ್ತದೆ. ಒಂದು ದಿನ ಮುಂಚೆ ಹೋಗಿ ಆಕೆಯ ಬಳೆಗಳನ್ನಾದರೂ ಎತ್ತಿಡಿಸಬಹುದಿತ್ತು, ಅಷ್ಟೆ.